ಜಾರುವ ಡಾನ್ಸ್ ಪ್ಯಾಡಿಗೊಂದು ಹಲಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರದೆಯ ಮೇಲೆ ಬಾಣಗಳು ಸಾಲಾಗಿ ಏರಿಬರುತ್ತವೆ, ತಾಳ ತಪ್ಪದಂತೆ ಆಯಾ ಬಾಣವನ್ನು ಕಾಲಿನಿಂದ ತುಳಿಯಬೇಕು. ಡಾನ್ಸ್ ಪ್ಯಾಡಿನ ಆಟವೆಂದರೆ ಇಷ್ಟೇ. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಹೊರತಂದ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಯಂತ್ರಕ್ಕೆ ಲೋಹದ ಗಟ್ಟಿ ವೇದಿಕೆಯಿತ್ತು. ಮನೆಗಳಿಗೆ ಬಂದದ್ದು ಅದರ ಮೆತ್ತನೆಯ, ಮಡಚಿಡಬಹುದಾದ ತಮ್ಮ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ತಮ್ಮನ ಮೇಲಿನ ದೂರುಗಳೇ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳ ಡಾನ್ಸ್ ಪ್ಯಾಡ್ ಟೈಲ್ಸ್ ನೆಲದ ಮೇಲೆ ನಿಲ್ಲುವುದೇ ಇಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಟೀವಿಯ ಹತ್ತಿರ ಹೋಗಿರುತ್ತದೆ, ನಡುವೆ ಸುಕ್ಕೂ ಬೀಳುತ್ತದೆ. ಸುತ್ತ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿದೆವು, ವಾರದಲ್ಲಿ ಕಿತ್ತುಬಂತು. ಏನು ಮಾಡಬೇಕು?
— ಗೃಹಿಣಿ, ಮೈಸೂರು

ಉತ್ತರ: ನಿಮ್ಮ ಪ್ಯಾಡಿನಲ್ಲಿ ಜಾರಾಟ ಒಂದಲ್ಲ, ಎರಡು. ಇಡೀ ಪ್ಯಾಡು ನೆಲದ ಮೇಲೆ ಜಾರುವುದು ಒಂದು. ಪ್ಯಾಡಿನೊಳಗಿನ ಪದರಗಳು ಒಂದರ ಮೇಲೊಂದು ಜಾರಿ ಸುಕ್ಕಾಗುವುದು ಇನ್ನೊಂದು. ಟೇಪು ಮೊದಲನೆಯದಕ್ಕೆ ನಾಲ್ಕು ದಿನದ ಮದ್ದು, ಎರಡನೆಯದಕ್ಕೆ ಮದ್ದೇ ಅಲ್ಲ.

ಒಳಗೆ ಏನಿದೆ ಎಂದು ತಿಳಿದರೆ ಉಳಿದದ್ದು ಸುಲಭ. ಮೇಲೆ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಹೊದಿಕೆ. ಅದರಡಿ ಕಾರ್ಬನ್ ಶಾಯಿಯ ಗೆರೆಗಳಿರುವ ತೆಳು ಹಾಳೆ. ನಡುವೆ ತೂತುಗಳಿರುವ ಸ್ಪಂಜು. ಅದರ ಕೆಳಗೆ ಇನ್ನೊಂದು ಕಾರ್ಬನ್ ಹಾಳೆ, ಕೊನೆಗೆ ತಳದ ಬಟ್ಟೆ. ತುಳಿದಾಗ ಸ್ಪಂಜು ಅಮುಕಿ, ತೂತಿನ ಮೂಲಕ ಎರಡು ಹಾಳೆಗಳು ಮುಟ್ಟುತ್ತವೆ. ಬಾಣ ಒತ್ತಿದಂತಾಯಿತು. ಕಾಲೆತ್ತಿದಾಗ ಸ್ಪಂಜು ಎದ್ದು ಹಾಳೆಗಳು ಬೇರೆಯಾಗುತ್ತವೆ. ಒಳಗೆ ಸ್ವಿಚ್ ಎಂಬುದೇ ಇಲ್ಲ, ಇರುವುದು ಕೆಲವೇ ಮಿಲಿಮೀಟರ್ ಖಾಲಿ ಜಾಗ. ಸುಕ್ಕು ಬಿದ್ದ ಕಡೆ ಆ ಖಾಲಿ ಜಾಗ ಮಾಯವಾಗಿ ಬಾಣ ಒತ್ತಿಯೇ ಉಳಿಯುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಕೆ ಬಿದ್ದರೆ ಶಾಯಿಯ ಗೆರೆ ಬಿರುಕುಬಿಟ್ಟು ಬಾಣ ಸತ್ತೇ ಹೋಗುತ್ತದೆ.

ಆದ್ದರಿಂದ ಪ್ಯಾಡಿಗೆ ಬೇಕಾದದ್ದು ಸಮತಟ್ಟಾದ, ಬಗ್ಗದ ಒಂದು ಹಲಗೆ. ಹಲಗೆ ನೆಲವನ್ನು ಹಿಡಿಯಲಿ, ಪ್ಯಾಡು ಹಲಗೆಯನ್ನು ಹಿಡಿಯಲಿ. ಆದರೆ ತಮಟೆಗೆ ಚರ್ಮ ಬಿಗಿದಂತೆ ಪ್ಯಾಡನ್ನು ಎಳೆದು ಬಿಗಿಯಬೇಡಿ. ಎಳೆದರೆ ಮೇಲಿನ ಹಾಳೆ ಸ್ಪಂಜನ್ನು ಅಮುಕಿಕೊಂಡು ಕೂರುತ್ತದೆ, ಯಾರೂ ತುಳಿಯದಿದ್ದರೂ ಬಾಣ ಹೊಡೆಯುತ್ತದೆ. ಹಲಗೆಗೆ ಕೂರಿಸಿದ ಪ್ಯಾಡುಗಳು ಕೆಡುವುದು ಬಹುಪಾಲು ಈ ಅತಿಬಿಗಿಯಿಂದಲೇ. ಪ್ಯಾಡು ಚಪ್ಪಟೆಯಾಗಿ ಮಲಗಿರಬೇಕು, ಅಷ್ಟೇ. ಕಟ್ಟುವ ಕ್ರಮ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಬಡಗಿಯವರ ಕೈಗೆ ಕೊಡುವುದಕ್ಕೆ ಹಲಗೆಯ ಪೂರ್ತಿ ಅಳತೆ, ಸಾಮಾನಿನ ಪಟ್ಟಿ ಬೇಕು. ಖರ್ಚು ಆದಷ್ಟು ಕಡಿಮೆ ಇರಲಿ.
— ಹೈಸ್ಕೂಲು ಶಿಕ್ಷಕರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಪ್ಯಾಡನ್ನೇ ಅಳೆಯಿರಿ. ಮನೆಬಳಕೆಯ ಎಷ್ಟೋ ಪ್ಯಾಡುಗಳು 93 ಸೆಂಮೀ ಉದ್ದ, 82 ಸೆಂಮೀ ಅಗಲದ ಆಸುಪಾಸಿನಲ್ಲಿರುತ್ತವೆ. ನಮ್ಮ ಲೆಕ್ಕ ಅದಕ್ಕೆ. ನಿಮ್ಮದು ಬೇರೆಯಿದ್ದರೆ ಉದ್ದಕ್ಕೂ ಅಗಲಕ್ಕೂ 8 ಸೆಂಮೀ ಕೂಡಿಸಿ, ಹಲಗೆಯ ಅಳತೆ ಸಿಗುತ್ತದೆ. ಇಲ್ಲಿ ಅದು 101 × 90 ಸೆಂಮೀ.

ಪ್ಲೈವುಡ್ 12 ಮಿಮೀ ದಪ್ಪದ್ದು ಸಾಕು, ಹಲಗೆ ನೆಲದ ಮೇಲೆ ಪೂರ್ತಿ ಕೂರುವುದರಿಂದ ಬಾಗುವ ಪ್ರಶ್ನೆಯಿಲ್ಲ. ಕೆಳಗೆ ಕಾಲು ಕೊಟ್ಟು ಎತ್ತರಿಸುವ ಆಸೆಯಿದ್ದರೆ 18 ಮಿಮೀ ಬೇಕು. ಎತ್ತರಿಸಿ ಸಿಗುವ ಲಾಭವೇನೂ ಇಲ್ಲ, ಎಡವುವುದು ಮಾತ್ರ ಖಚಿತ. 8 × 4 ಅಡಿ ಹಾಳೆಯ ಅರ್ಧ, ಅಂದರೆ 4 × 4 ಅಡಿ ತುಂಡು ತನ್ನಿ. ಅದು 122 ಸೆಂಮೀ ಚೌಕ. ಅದರಲ್ಲಿ ಹಲಗೆ ಕೊಯ್ದ ಮೇಲೆ 101 × 32 ಸೆಂಮೀಯಷ್ಟು ತುಂಡು ಮಿಗುತ್ತದೆ. ಬಿಸಾಡಬೇಡಿ, ಸುತ್ತಲಿನ ಪಟ್ಟಿಗಳು ಬರಬೇಕಾದದ್ದು ಅದರಿಂದಲೇ. 5 ಸೆಂಮೀ ಅಗಲಕ್ಕೆ, 101 ಸೆಂಮೀ ಉದ್ದದ ಎರಡು ಮತ್ತು 80 ಸೆಂಮೀ ಉದ್ದದ ಎರಡು ಪಟ್ಟಿ ಕೊಯ್ಯಿಸಿ. ರೀಪರ್ ಬೇರೆ ಕೊಳ್ಳುವ ಖರ್ಚು ಉಳಿಯಿತು. ಬಡಗಿಯವರ ಹತ್ತಿರ ಹಳೆಯ ಕೆಲಸದ ಉಳಿಕೆ ತುಂಡು ಇದ್ದರೆ ಇನ್ನೂ ಒಳ್ಳೆಯದು, ಹೊಸ ಪ್ಲೈ ಆಗಬೇಕೆಂದೇನಿಲ್ಲ. ಸೊಟ್ಟ ಇರಬಾರದು, ಅಷ್ಟೇ.

ಇನ್ನು ಬೇಕಾದದ್ದು: ಪ್ಯಾಡಿನ ಅಂಚಿನಷ್ಟೇ ದಪ್ಪದ ಹಾರ್ಡ್‌ಬೋರ್ಡ್ ಅಥವಾ ತೆಳು ಪ್ಲೈ, 3.5 ಸೆಂಮೀ ಅಗಲದ ಪಟ್ಟಿಯಾಗಿ ಸುಮಾರು 4 ಮೀಟರ್. 8 ನಂಬರಿನ, 25 ಮಿಮೀ ಉದ್ದದ ಚಪ್ಪಟೆ ತಲೆಯ ಸ್ಕ್ರೂ 30. ಬಟ್ಟೆಯ ಎರಡು ಬದಿ ಅಂಟಿನ ಟೇಪ್ ಒಂದು ಸುರುಳಿ (ಸ್ಪಂಜಿನ ಡಬಲ್ ಟೇಪ್ ಬೇಡ, ಅದು ದಪ್ಪ). 3 ಮಿಮೀ ರಬ್ಬರ್ ಶೀಟಿನ 10 × 10 ಸೆಂಮೀ ತುಂಡು ಒಂಬತ್ತು. ಉಪ್ಪುಕಾಗದ, ಸ್ವಲ್ಪ ವಾರ್ನಿಷ್.

ಹಲಗೆಯ ಎರಡೂ ಮುಖ ಉಜ್ಜಿ, ಎರಡೂ ಮುಖಕ್ಕೆ ಎರಡೆರಡು ಕೋಟ್ ವಾರ್ನಿಷ್ ಕೊಡಿ. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಪ್ಯಾಡನ್ನು ಅದರ ಮೇಲೆ ಇಡಬೇಡಿ, ಹಸಿ ವಾರ್ನಿಷ್ ಪ್ಲಾಸ್ಟಿಕ್ಕನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಪೆಟ್ಟಿಗೆಯಿಂದ ಬಂದ ಪ್ಯಾಡಿನಲ್ಲಿ ಮಡಿಕೆಯ ಗುರುತುಗಳಿರುತ್ತವೆ. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಬೋರಲು ಹಾಸಿ, ಆಮೇಲೆ ಒಳಗೆ ತಂದು ರಾತ್ರಿಯಿಡೀ ಹಳೆಯ ಪತ್ರಿಕೆಗಳ ಕಟ್ಟು ಹೇರಿಡಿ. ಇಸ್ತ್ರಿಪೆಟ್ಟಿಗೆ ತರುವ ಯೋಚನೆ ಮಾತ್ರ ಬೇಡ.

ಪ್ಯಾಡನ್ನು ಹಲಗೆಯ ನಡುವೆ ಇಟ್ಟು ಸುತ್ತ ಪೆನ್ಸಿಲ್ ಗೆರೆ ಹಾಕಿ. ಎಲ್ಲ ಕಡೆಯೂ 4 ಸೆಂಮೀ ಅಂಚು ಉಳಿದಿರಬೇಕು. ಡಬಲ್ ಟೇಪನ್ನು ನಡುವಿನ ಚೌಕದಡಿ ಮತ್ತು ಚೌಕ ಚೌಕಗಳ ನಡುವಿನ ಗೆರೆಗಳಡಿ ಮಾತ್ರ ಹಚ್ಚಿ, ಬಾಣದ ಚೌಕಗಳ ಅಡಿ ಬೇಡ. ಅಲ್ಲಿ ಟೇಪಿನಲ್ಲಿ ಒಂದು ಸುಕ್ಕು ಬಿದ್ದರೂ ಅದೇ ಉಬ್ಬಾಗಿ ಕೆಳಗಿನ ಹಾಳೆಯನ್ನು ಎತ್ತುತ್ತದೆ. ಅಂಟಿಸುವಾಗ ಇಬ್ಬರಿರಲಿ: ಒಬ್ಬರು ಪ್ಯಾಡಿನ ಎರಡು ಬದಿ ಎತ್ತಿ ಹಿಡಿಯಲಿ, ಇನ್ನೊಬ್ಬರು ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರುತ್ತಾ ಬರಲಿ. ಚಪ್ಪಲಿ ಹೊಲಿಯುವವರು, ಬಡಗಿಗಳು ಬಳಸುವ ಘಾಟು ವಾಸನೆಯ ರಬ್ಬರ್ ಅಂಟು ಹಚ್ಚಬೇಡಿ, ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಉಬ್ಬಿಸುತ್ತದೆ.

ಈಗ ಪಟ್ಟಿ ಕೂರಿಸುವ ಕೆಲಸ. ಇದನ್ನು ಅವಸರದಲ್ಲಿ ಮಾಡಬೇಡಿ. ಪ್ಯಾಡಿನ ಅಂಚಿನಿಂದ 5 ಮಿಮೀ ಜಾಗ ಬಿಟ್ಟು ಹಾರ್ಡ್‌ಬೋರ್ಡಿನ ಪ್ಯಾಕಿಂಗ್ ಪಟ್ಟಿ ಇಡಿ. ಅದರ ಹೊರ ಅಂಚು ಹಲಗೆಯ ಅಂಚಿಗೆ ಸರಿಯಾಗುತ್ತದೆ. ಅದರ ಮೇಲೆ 5 ಸೆಂಮೀ ಪ್ಲೈ ಪಟ್ಟಿ. ಇದರಲ್ಲಿ 4 ಸೆಂಮೀ ಹೊರಗೆ, 1 ಸೆಂಮೀ ಪ್ಯಾಡಿನ ಅಂಚಿನ ಮೇಲೆ. ಪ್ಯಾಕಿಂಗ್ ಇಲ್ಲದೆ ಪಟ್ಟಿಯನ್ನು ನೇರ ಪ್ಯಾಡಿನ ಮೇಲಿಟ್ಟು ಸ್ಕ್ರೂ ಬಿಗಿದರೆ ಅಂಚು ಜಜ್ಜಿ, ಆ ಎಳೆತ ಬಾಣದವರೆಗೂ ಹೋಗುತ್ತದೆ. ಪ್ಯಾಕಿಂಗ್ ಸರಿಯಿದೆಯೇ ಎಂದು ನೋಡಲು ಒಂದು ವಿಸಿಟಿಂಗ್ ಕಾರ್ಡ್ ಸಾಕು. ಪಟ್ಟಿಗೂ ಪ್ಯಾಡಿಗೂ ನಡುವೆ ಕಾರ್ಡು ಸ್ವಲ್ಪ ತಡೆದು ತಡೆದು ಒಳಹೋಗಬೇಕು. ಹೋಗಲೇ ಇಲ್ಲವೆಂದರೆ ಬಿಗಿ ಹೆಚ್ಚು, ಪ್ಯಾಕಿಂಗಿನಡಿ ಒಂದು ಪದರ ರಟ್ಟು ಸೇರಿಸಿ. ಸಲೀಸಾಗಿ ಓಡಾಡಿದರೆ ಸಡಿಲ, ಪ್ಯಾಕಿಂಗನ್ನು ಸ್ವಲ್ಪ ಉಜ್ಜಿ ತೆಳುವಾಗಿಸಿ.

101 ಸೆಂಮೀ ಪಟ್ಟಿಗಳು ಎಡಬಲಕ್ಕೆ, 80ರವು ಹಿಂದೆ ಮುಂದೆ. ಟೀವಿಯ ಕಡೆಯ ಪಟ್ಟಿಯನ್ನು 34 ಸೆಂಮೀಯ ಎರಡು ತುಂಡು ಮಾಡಿ ನಡುವೆ 12 ಸೆಂಮೀ ಬಾಯಿ ಬಿಡಿ. ತಂತಿ ಹೊರಡುವ ಪ್ಲಾಸ್ಟಿಕ್ ಡಬ್ಬಿ ಅಲ್ಲಿರುತ್ತದೆ, ಅದರ ಮೇಲೆ ಏನೂ ಒತ್ತಬಾರದು. ನಿಮ್ಮ ಪ್ಯಾಡಿನಲ್ಲಿ ಡಬ್ಬಿ ಮೂಲೆಯಲ್ಲಿದ್ದರೆ ಬಾಯಿಯನ್ನೂ ಅಲ್ಲಿಗೇ ಸರಿಸಿ. ಸ್ಕ್ರೂಗಳು ಹಲಗೆಯ ಹೊರ ಅಂಚಿನಿಂದ 2 ಸೆಂಮೀ ಒಳಗೆ, ಒಂದೊಂದು ಗೇಣಿಗಿಂತ ಹತ್ತಿರ ಇರಲಿ: ಉದ್ದದ ಪಟ್ಟಿಗೆ ಏಳೇಳು, ಈಚೆ ಬದಿಗೆ ಐದು, ಆಚೆ ಬದಿಯ ತುಂಡುಗಳಿಗೆ ಮೂರು ಮೂರು, ಒಟ್ಟು 25. ಪಟ್ಟಿಯಲ್ಲಿ 4.5 ಮಿಮೀ ತೂತು, ಹಲಗೆಯಲ್ಲಿ 2.5 ಮಿಮೀ ತೂತು ಪ್ಯಾಡನ್ನು ಅಂಟಿಸುವ ಮೊದಲೇ ಕೊರೆಯಿರಿ, ಇಲ್ಲದಿದ್ದರೆ ಪ್ಲೈ ಅಂಚು ಸೀಳುತ್ತದೆ. ಕೊರೆಯುವಾಗ ಪ್ಯಾಡು ಹಲಗೆಯ ಮೇಲೆ ಇರಬಾರದು ಎಂದು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇವೆ.

ಸ್ಕ್ರೂ 25 ಮಿಮೀಯೇ ಏಕೆ? ಪಟ್ಟಿ 12, ಪ್ಯಾಕಿಂಗ್ ಸುಮಾರು 4, ಒಟ್ಟು 16 ಮಿಮೀ ದಾಟಿ 9 ಮಿಮೀ ಹಲಗೆಯೊಳಗೆ ಇಳಿಯುತ್ತದೆ. ಅಂಗಡಿಯವರು ‘30 ತಗೊಳ್ಳಿ, ಗಟ್ಟಿ’ ಎನ್ನಬಹುದು. 30 ತಂದರೆ ಮೊನೆ ಹಲಗೆಯ ಅಡಿಯಿಂದ 2 ಮಿಮೀ ಹೊರಬಂದು ಟೈಲ್ಸ್ ಗೀರುತ್ತದೆ. ತಲೆಗಳು ಪಟ್ಟಿಯೊಳಗೆ ಹೂತು ಕೂರುವಂತೆ ತೂತಿನ ಬಾಯಿ ಅಗಲಿಸಿ. ಪಟ್ಟಿಯ ಒಳಗಿನ ಮೇಲಂಚನ್ನು ಇಳಿಜಾರಾಗಿ ಉಜ್ಜಿ, ಕಾಲ್ಬೆರಳು ತಾಗುವುದು ಅಲ್ಲಿಗೇ. ಸ್ಕ್ರೂಗಳನ್ನು ಎರಡು ಸುತ್ತಿನಲ್ಲಿ ಬಿಗಿಯಿರಿ: ಮೊದಲ ಸುತ್ತು ಹಿಡಿಯುವಷ್ಟು, ಆಮೇಲೆ ಪ್ಯಾಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕು ಬಾಣವೂ ಸುಮ್ಮನಿವೆಯೇ ನೋಡಿ (ನೋಡುವ ಬಗೆ ಕೆಳಗೆ ಶಿವಮೊಗ್ಗದ ಪತ್ರದ ಉತ್ತರದಲ್ಲಿದೆ), ಅನಂತರ ಎರಡನೆಯ ಸುತ್ತು.

ರಬ್ಬರ್ ತುಂಡುಗಳನ್ನು ಹಲಗೆಯ ಅಡಿಗೆ ಮೂಲೆಗೆ ನಾಲ್ಕು, ಬಾಣಗಳ ನೇರ ಕೆಳಗೆ ನಾಲ್ಕು, ನಡುವೆ ಒಂದು ಅಂಟಿಸಿ. ಇಲ್ಲಿ ಮಾತ್ರ ಘಾಟು ಅಂಟು ನಡೆಯುತ್ತದೆ. ರಬ್ಬರಿನ ಹಿಡಿತ ಇರುವುದು ಧೂಳಿಲ್ಲದ ನೆಲದಲ್ಲಿ, ಆದ್ದರಿಂದ ಆಡುವ ಮುನ್ನ ಒದ್ದೆಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಎಲ್ಲ ಸೇರಿ ತೂಕ ಹತ್ತು ಕೆಜಿಯ ಆಸುಪಾಸು, ಒಬ್ಬರೇ ಎತ್ತಿ ಗೋಡೆಗೆ ನಿಲ್ಲಿಸಬಹುದು. ಓರೆಯಾಗಿ ಒರಗಿಸಿಟ್ಟರೆ ಕಾಲಕ್ರಮೇಣ ಹಲಗೆ ಬಾಗುತ್ತದೆ, ನೆಟ್ಟಗೆ ನಿಲ್ಲಿಸಿ.

ಪ್ರಶ್ನೆ: ಅಟ್ಟದ ಮೇಲೆ ಹಳೆಯ ಕೇರಂ ಬೋರ್ಡ್ ಬಿದ್ದಿದೆ. ಅದನ್ನೇ ಬಳಸಬಹುದೇ?
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ದೊಡ್ಡ ಬೋರ್ಡಿನಲ್ಲೂ ಆಡುವ ಜಾಗ 74 ಸೆಂಮೀ ಚೌಕ ಮಾತ್ರ, ನಿಮ್ಮ ಪ್ಯಾಡು ಅದರೊಳಗೆ ಕೂರುವುದಿಲ್ಲ. ಕವುಚಿ ಹಾಕಿದರೆ ಅಡ್ಡಪಟ್ಟಿಗಳ ಉಬ್ಬು ಕಾಲಿಗೆ ಸಿಗುತ್ತದೆ. ಕೇರಂ ಆಡಿ. ಹಳೆಯ ವಾರ್ಡ್‌ರೋಬಿನ ಬಾಗಿಲು, ಮುರಿದ ಮಂಚದ ಪ್ಲೈ ಇದ್ದರೆ ಮಾತ್ರ ಪತ್ರ ಬರೆಯಿರಿ. ಅವು ಚೆನ್ನಾಗಿ ಆಗುತ್ತವೆ. ಲ್ಯಾಮಿನೇಟ್ ಇರುವ ಬಾಗಿಲಾದರೆ ವಾರ್ನಿಷ್ ಖರ್ಚೂ ಉಳಿಯುತ್ತದೆ, ಡಬಲ್ ಟೇಪೂ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹಿಡಿಕೆ, ಬೀಗ, ಕೀಲಿನ ಗುಳಿಗಳು ಬಾಣಗಳ ಕೆಳಗೆ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ಹಲಗೆಗೆ ಕೂರಿಸಿದ ಮೇಲೆ ಎಡಬಾಣ ತಾನಾಗಿಯೇ ಒತ್ತಿಕೊಂಡಿರುತ್ತದೆ. ಬಿಚ್ಚಿದರೆ ಸರಿಹೋಗುತ್ತದೆ, ಮತ್ತೆ ಹಾಕಿದರೆ ಅದೇ ಕಥೆ.
— ಓದುಗರು, ಶಿವಮೊಗ್ಗ

ಉತ್ತರ: ಬಿಚ್ಚಿದಾಗ ಸರಿಹೋಗುತ್ತದೆ ಎಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಪ್ಯಾಡು ಕೆಟ್ಟಿಲ್ಲ, ಹಲಗೆ ಅದನ್ನು ಹಿಂಡುತ್ತಿದೆ.

ವಿಂಡೋಸ್ ಕಂಪ್ಯೂಟರ್ ಇದ್ದರೆ ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ಬರುವ ಚೌಕದಲ್ಲಿ ಜೆ-ಒ-ವೈ, ಚುಕ್ಕಿ, ಸಿ-ಪಿ-ಎಲ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಜೋಡಿಸಿದ ಪ್ಯಾಡಿನ ಹೆಸರು ಕಾಣುತ್ತದೆ. ಪ್ರಾಪರ್ಟೀಸ್ ತೆರೆದರೆ ಒತ್ತಿದ ಗುಂಡಿಯ ದೀಪ ಹೊತ್ತುವುದು ಕಾಣುತ್ತದೆ. ಆ ದೀಪ ನೋಡುತ್ತಲೇ ಎಡಬದಿಯ ಏಳು ಸ್ಕ್ರೂಗಳನ್ನು ಒಂದೊಂದಾಗಿ ಅರ್ಧರ್ಧ ಸುತ್ತು ಸಡಿಲಿಸಿ. ಯಾವ ಸ್ಕ್ರೂಗೆ ದೀಪ ಆರಿತೋ ಅಲ್ಲಿ ಪ್ಯಾಕಿಂಗ್ ತೆಳುವಾಗಿದೆ; ರಟ್ಟು ಸೇರಿಸಿ. ಏಳೂ ಸಡಿಲಿಸಿದರೂ ಆರದಿದ್ದರೆ ಅಡಿಯ ಟೇಪಿನಲ್ಲಿ ಸುಕ್ಕಿದೆ, ಇಲ್ಲವೇ ಹಲಗೆಗೂ ಪ್ಯಾಡಿಗೂ ನಡುವೆ ಮರದ ಸಿಪ್ಪೆ, ಹೊಟ್ಟಿನ ಹರಳು ಸಿಕ್ಕಿದೆ. ಜಾರದಿರಲೆಂದು ಕಪಾಟಿಗೆ ಹಾಸುವ ಗುಳ್ಳೆಗುಳ್ಳೆ ಜಾಲರಿಯನ್ನು ಕೆಲವರು ಪ್ಯಾಡಿನ ಅಡಿಗೆ ಹಾಸುತ್ತಾರೆ. ಆ ಗುಳ್ಳೆಗಳೇ ಕೆಳಹಾಳೆಯನ್ನು ಎತ್ತಬಹುದು, ಹಾಸಿದ್ದರೆ ತೆಗೆದು ನೋಡಿ.

ಹಲಗೆಯಿಂದ ಪೂರ್ತಿ ಬಿಚ್ಚಿ, ಚಪ್ಪಟೆ ಹಾಸಿದಾಗಲೂ ದೀಪ ಆರದಿದ್ದರೆ ಮಾತ್ರ ಸ್ಪಂಜಿನ ದೋಷ. ಅಷ್ಟು ದಿನ ಅಮುಕಿ ಚಪ್ಪಟೆಯಾದ ಸ್ಪಂಜು ಮತ್ತೆ ಏಳುವುದಿಲ್ಲ. ಅಂಚಿನ ಹೊಲಿಗೆಯನ್ನು ಒಂದು ಬದಿಯಲ್ಲಿ ಬಿಚ್ಚಿ ಹಳೆಯ ಸ್ಪಂಜನ್ನು ಹೊರಗೆಳೆದು, ಅದನ್ನೇ ಅಚ್ಚಾಗಿಟ್ಟು ಅಷ್ಟೇ ದಪ್ಪದ ಹೊಸ ಇವಿಎ (ರಬ್ಬರಿನಂಥ ಫೋಮ್) ಶೀಟಿನಲ್ಲಿ ತೂತುಗಳನ್ನು ಕೊಯ್ಯಿರಿ. ತೂತು ದೊಡ್ಡದಾದರೆ ಬಾಣ ಹಗುರ ತುಳಿತಕ್ಕೂ ಓಗೊಡುತ್ತದೆ, ತಾನಾಗಿ ಒತ್ತಿಕೊಳ್ಳುವ ಅಪಾಯವೂ ಹೆಚ್ಚು. ಶೀಟು ದಪ್ಪವಾದರೆ ಜೋರಾಗಿ ತುಳಿಯಬೇಕು. ಮೊದಲ ಸಲ ಹಳೆಯ ಅಳತೆಯನ್ನೇ ನಂಬಿ.

ಪ್ರಶ್ನೆ: ಉದ್ದ ಬಾಣಗಳನ್ನು ಒತ್ತಿ ಹಿಡಿಯುವಾಗ ನಡುವೆ ಬಿಟ್ಟುಹೋಗುತ್ತದೆ. ಪರದೆ ನೋಡುತ್ತಾ ಆಡುವಾಗ ಕಾಲು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಇಡೀ ಪ್ಯಾಡಿನ ಮೇಲೆ ಒಂದು ಅಕ್ರಿಲಿಕ್ ಹಾಳೆ ಹಾಕಿದರೆ ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಂದೇ ದೊಡ್ಡ ಹಾಳೆ ಬೇಡ. ಒಂದು ಬಾಣ ತುಳಿದರೆ ಹಾಳೆ ಬಾಗಿ ಪಕ್ಕದ್ದನ್ನೂ ಒತ್ತುತ್ತದೆ. ಅಕ್ರಿಲಿಕ್ ಅಂತೂ ಬೇಡವೇ ಬೇಡ, ಅಂಚಿನಿಂದ ಬಿರುಕು ಬಿಟ್ಟು ಬರಿಗಾಲಿಗೆ ಚೂರಿಯಾಗುತ್ತದೆ. ನೋಡಲು ಅದರಂತೆಯೇ ಇರುವ ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಬಾಗುತ್ತದೆ. ಕೊಳ್ಳುವಾಗ ಹೆಸರು ಕೇಳಿಯೇ ಕೊಳ್ಳಿ.

ಉದ್ದ ಬಾಣ ಬಿಡುವುದಕ್ಕೆ ಕಾರಣ, ಚಿತ್ರದಲ್ಲಿರುವ ಚೌಕದಷ್ಟೂ ಜಾಗ ಕೆಲಸ ಮಾಡುವುದಿಲ್ಲ. ಸ್ಪಂಜಿನ ತೂತುಗಳ ಮೇಲೆ ಭಾರ ಬಿದ್ದರೆ ಮಾತ್ರ ಸಂಪರ್ಕ. ಭಾರ ಕಾಲ್ಬೆರಳಿನಿಂದ ಹಿಮ್ಮಡಿಗೆ ಹೊರಳಿದಾಗ ತೂತಿನಿಂದ ಆಚೆ ಸರಿಯುತ್ತದೆ. ಅದಕ್ಕೆ 2 ಮಿಮೀ ಪಾಲಿಕಾರ್ಬೊನೇಟಿನ 24 × 24 ಸೆಂಮೀ ತುಂಡು ನಾಲ್ಕು ಮಾಡಿಸಿ, ಒಂದೊಂದು ಬಾಣಕ್ಕೆ ಒಂದು. ಒಂದರ ತೂಕ 140 ಗ್ರಾಮಿನಷ್ಟು, ಅದು ತಾನಾಗಿ ಬಾಣ ಒತ್ತುವ ಭಾರವಲ್ಲ. ಮೂಲೆಗಳನ್ನು ದುಂಡಗೆ ಮಾಡಿ, ಮೇಲ್ಮೈಯನ್ನು 220 ನಂಬರಿನ ಉಪ್ಪುಕಾಗದದಲ್ಲಿ ಮಬ್ಬಾಗುವವರೆಗೆ ಉಜ್ಜಿ, ಇಲ್ಲದಿದ್ದರೆ ಬೆವರಿದ ಕಾಲು ಜಾರುತ್ತದೆ. ಅಡಿಯ ನಾಲ್ಕು ಮೂಲೆಗೆ ನಾಣ್ಯದಷ್ಟಗಲ ಡಬಲ್ ಟೇಪ್ ಸಾಕು. ತುಂಡುಗಳು ಒಂದಕ್ಕೊಂದು ಎಲ್ಲೂ ತಾಗಬಾರದು.

ಕಾಲಿಗೆ ದಿಕ್ಕು ತಿಳಿಯಲು ನಡುವಿನ ಚೌಕವನ್ನು ಎತ್ತರಿಸಿ. 6 ಮಿಮೀ ಗಟ್ಟಿ ಇವಿಎ, 20 × 20 ಸೆಂಮೀ, ಡಬಲ್ ಟೇಪಿನಲ್ಲಿ ಅಂಟಿಸಿ. ಕಾಲು ಅದರಿಂದ ಇಳಿದರೆ ಬಾಣಕ್ಕೆ ಬಂತು, ಹತ್ತಿದರೆ ನಡುವಿಗೆ ಬಂತು, ನೋಡುವ ಅಗತ್ಯವೇ ಇಲ್ಲ. ಆರ್ಕೇಡಿನ, ಅಂದರೆ ದುಡ್ಡು ಕೊಟ್ಟು ಆಡುವ ಆಟದಂಗಡಿಯ ಯಂತ್ರಗಳಲ್ಲೂ ಬಾಣದ ಫಲಕದ ಅಂಚು ಹೀಗೆಯೇ ಕಾಲಿಗೆ ಸಿಗುತ್ತದೆ. ನಡುವೆಯೂ ಗುಂಡಿಯಿರುವ ಪ್ಯಾಡಾದರೆ ಅದು ಒತ್ತಿಕೊಂಡಿಲ್ಲವೆಂದು ಮೊದಲು ಮೇಲೆ ಹೇಳಿದ ಕಂಪ್ಯೂಟರಿನ ದೀಪ ನೋಡಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಕಾಲು ಮೂಲೆಗೆ ತಾಗಿದರೆ ಆಟವೇ ನಿಂತು ಹಿಂದಕ್ಕೆ ಹೋಗುತ್ತದೆ. ಮೂಲೆಗಳಿಗೂ ಹಲಗೆ ತುಂಡು ಅಂಟಿಸಲೇ?
— ಓದುಗರು, ತುಮಕೂರು

ಉತ್ತರ: ಬೇಡ. ಮೂಲೆಗಳೂ ಗುಂಡಿಗಳೇ, ಮೇಲೆ ಭಾರವಾದದ್ದು ಅಂಟಿಸಿದರೆ ಸದಾ ಒತ್ತಿಕೊಂಡಿರಬಹುದು. ಸ್ಟೆಪ್‌ಮೇನಿಯಾದಂಥ ಉಚಿತ ತಂತ್ರಾಂಶದಲ್ಲಿ ಆಡುವುದಾದರೆ ಗುಂಡಿ ಹೊಂದಿಸುವ ಪುಟಕ್ಕೆ ಹೋಗಿ ಮೂಲೆಗಳ ನಾಲ್ಕು ಗುಂಡಿಗಳನ್ನು ಖಾಲಿ ಬಿಡಿ. ಹಿಂದಕ್ಕೆ ಹೋಗಲು ಕೀಲಿಮಣೆ ಇದ್ದೇ ಇದೆ. ನೇರ ಟೀವಿಗೆ ಸಿಕ್ಕಿಸುವ, ಹಾಡುಗಳು ಒಳಗೇ ತುಂಬಿರುವ ಅಗ್ಗದ ಪ್ಯಾಡುಗಳಲ್ಲಿ ಈ ಸೌಲಭ್ಯವಿಲ್ಲ.

ಪ್ರಶ್ನೆ: ನಮ್ಮದು ಮರದ ಮನೆಯ ಎರಡನೆಯ ಅಂತಸ್ತು. ಕೆಳಗಿನವರು ಈಗಾಗಲೇ ಒಮ್ಮೆ ಬಾಗಿಲು ಬಡಿದಿದ್ದಾರೆ. ಹಲಗೆ ಹಾಕಿದರೆ ಸದ್ದು ಕಡಿಮೆಯಾಗುತ್ತದೆಯೇ?
— ಕನ್ನಡಿಗರು, ನ್ಯೂಜೆರ್ಸಿ

ಉತ್ತರ: ಬರೀ ಹಲಗೆಯಿಂದ ಸದ್ದು ಹೆಚ್ಚುತ್ತದೆ, ತಮಟೆಯ ಕೆಲಸ ಮಾಡುತ್ತದೆ. ಕೆಳಗೆ ಮೆತ್ತೆ ಬೇಕು. ಒಂದಕ್ಕೊಂದು ಹಲ್ಲುಕಚ್ಚುವ 60 × 60 ಸೆಂಮೀ ಇವಿಎ ಚೌಕಗಳು, 12 ಮಿಮೀ ದಪ್ಪದವು, ನಾಲ್ಕು ಸಾಕು. 120 ಸೆಂಮೀ ಚೌಕ ಆಗುತ್ತದೆ, ಹಲಗೆ ಅದರ ನಡುವೆ ಕೂರುತ್ತದೆ. ಮೆತ್ತೆಯ ಮೇಲೆ ಹಲಗೆ ಬಾಗುವುದರಿಂದ ನಿಮಗೆ 18 ಮಿಮೀ ಪ್ಲೈ ಬೇಕು. ಪಟ್ಟಿಯೂ ಆಗ 18 ಮಿಮೀ ದಪ್ಪವಾಗುವುದರಿಂದ ಸ್ಕ್ರೂ 30 ಮಿಮೀಯದೇ ಬೇಕು.

ಇದರಿಂದ ತಟತಟ ಸದ್ದು ಚೆನ್ನಾಗಿ ಇಳಿಯುತ್ತದೆ. ಹಾರಿ ಇಳಿದಾಗಿನ ‘ಧಡ್’ ಇಳಿಯುವುದು ಕಡಿಮೆ. ಅದು ತೊಲೆಗಳೇ ಅದುರುವ ಸದ್ದು, ಮೆತ್ತೆಗೆ ಬಗ್ಗುವುದಿಲ್ಲ. ಕೋಣೆಯ ನಡುವೆ ತೊಲೆ ಹೆಚ್ಚು ಅದುರುತ್ತದೆ, ಭಾರ ಹೊರುವ ಗೋಡೆಯ ಹತ್ತಿರ ಕಡಿಮೆ. ಪ್ಯಾಡನ್ನು ಅಲ್ಲಿಗೆ ಸರಿಸಿ. ಮಿಕ್ಕದ್ದು ಗಡಿಯಾರದ ಕೈಯಲ್ಲಿದೆ, ಒಂದು ಡಬ್ಬಿ ಮೈಸೂರು ಪಾಕ್ ಕೆಳಮನೆಗೆ ಕೊಟ್ಟು ಬರುವುದೂ ಕೆಟ್ಟ ಉಪಾಯವಲ್ಲ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲವೂ ತೇವ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಅಗ್ಗವಾಗಿ ಸಿಗುತ್ತದೆ, ಆಗಬಹುದೇ?
— ಓದುಗರು, ಉಡುಪಿ

ಉತ್ತರ: ಕರಾವಳಿಗೆ ಬೇಡ. ನೆಲ ಒರೆಸಿದ ನೀರು ಒಂದು ಸಲ ಅಂಚಿಗೆ ಹೊಕ್ಕರೆ ಎಂಡಿಎಫ್ ಉಬ್ಬಿ ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ. ಐಎಸ್ 303 ಗುರುತಿನ ಬಿಡಬ್ಲ್ಯೂಆರ್ (ಕುದಿನೀರನ್ನೂ ತಾಳುವ) ದರ್ಜೆಯ ಪ್ಲೈ ಸಾಕು. ಐಎಸ್ 710ರ ಮರೀನ್ ಪ್ಲೈ ಈ ಕೆಲಸಕ್ಕೆ ದಂಡ. ಕೊಯ್ದ ಅಂಚುಗಳಿಗೆ ವಾರ್ನಿಷ್ ಮೂರು ಕೋಟ್ ಆಗಲಿ, ನೀರು ಕುಡಿಯುವುದು ಅಂಚೇ ಮೊದಲು.

ಪ್ರಶ್ನೆ: ಆರ್ಕೇಡಿನಲ್ಲಿರುವಂತೆ ಹಿಂದೆ ಹಿಡಿದುಕೊಳ್ಳಲು ಕಂಬಿಯೊಂದನ್ನು ಇದೇ ಹಲಗೆಗೆ ಜೋಡಿಸಬಹುದೇ?
— ಓದುಗರು, ಬೆಳಗಾವಿ

ಉತ್ತರ: ಈ ಹಲಗೆಗೆ ಬೇಡ. ಹತ್ತು ಕೆಜಿಯ ಹಲಗೆಯ ಹಿಂಬದಿಯಲ್ಲಿ ಒಂದು ಮೀಟರ್ ಎತ್ತರದ ಕಂಬಿ ನಿಲ್ಲಿಸಿದರೆ, ಅದನ್ನು ಹಿಂದಕ್ಕೆ ಐದು ಕೆಜಿಯಷ್ಟು ಬಲದಿಂದ ಎಳೆದರೂ ಹಲಗೆಯ ಮುಂಬದಿ ಎದ್ದುಬಿಡುತ್ತದೆ. ನೀವು ಮೇಲೆ ನಿಂತಿದ್ದಾಗ ನಿಮ್ಮ ತೂಕ ಅದನ್ನು ತಡೆಯುತ್ತದೆ ನಿಜ. ಆದರೆ ಕಂಬಿ ಹಿಡಿದು ಹಾರಿದ ಗಳಿಗೆಯಲ್ಲಿ ಹಲಗೆಯ ಮೇಲೆ ನಿಮ್ಮ ತೂಕವೇ ಇರುವುದಿಲ್ಲ, ಬೀಳುವುದು ಆಗಲೇ. ಜೊತೆಗೆ 12 ಮಿಮೀ ಪ್ಲೈ ಕಂಬಿಯ ಬುಡವನ್ನು ಹೆಚ್ಚು ದಿನ ಹಿಡಿಯದು.

ಪ್ರಶ್ನೆ: ಹಳೆಯ ಪ್ಲೇಸ್ಟೇಷನ್ ಪ್ಯಾಡನ್ನು ಯುಎಸ್‌ಬಿ ಅಡಾಪ್ಟರಿನಿಂದ ಕಂಪ್ಯೂಟರಿಗೆ ಸೇರಿಸಿ, ಹಲಗೆಗೂ ಕೂರಿಸಿದ್ದೇನೆ. ಎಡ ಬಲ ಒಟ್ಟಿಗೆ ತುಳಿದರೆ ಎರಡೂ ಬೀಳುವುದಿಲ್ಲ. ಸ್ಕ್ರೂ ಬಿಗಿ ಹೆಚ್ಚಾಯಿತೇ?
— ಓದುಗರು, ಕಲಬುರಗಿ

ಉತ್ತರ: ಹಲಗೆಯ ತಪ್ಪಲ್ಲ, ಬಿಚ್ಚಬೇಡಿ. ನಿಮ್ಮ ಅಡಾಪ್ಟರ್ ನಾಲ್ಕು ಬಾಣಗಳನ್ನು ನಾಲ್ಕು ಗುಂಡಿಗಳೆಂದು ಕಳಿಸದೆ ಜಾಯ್‌ಸ್ಟಿಕ್ಕಿನ ದಿಕ್ಕುಗಳೆಂದು ಕಳಿಸುತ್ತಿದೆ. ಒಂದು ಕಡ್ಡಿ ಒಂದೇ ಕಾಲಕ್ಕೆ ಎಡಕ್ಕೂ ಬಲಕ್ಕೂ ವಾಲಲಾರದು, ಆದ್ದರಿಂದ ಎರಡೂ ಸೇರಿ ಸೊನ್ನೆ. ಮೇಲೆ ಹೇಳಿದ ದೀಪದ ಪುಟದಲ್ಲಿ ಎಡಬಾಣ ತುಳಿಯಿರಿ. ಸಂಖ್ಯೆಯಿರುವ ದೀಪ ಹೊತ್ತದೆ ಅಕ್ಷದ ಗುರುತು ಪಕ್ಕಕ್ಕೆ ಓಡಿದರೆ ಇದೇ ಕಾರಣ. ಡಾನ್ಸ್ ಪ್ಯಾಡಿಗೆ ಹೊಂದುತ್ತದೆಂದು ಬರೆದಿರುವ, ಬಾಣಗಳನ್ನು ಗುಂಡಿಗಳಾಗಿ ಕಳಿಸುವ ಅಡಾಪ್ಟರ್ ಬೇಕು.

ಪ್ರಶ್ನೆ: ಬಲಬಾಣ ಎಷ್ಟು ತುಳಿದರೂ ಕೆಲಸ ಮಾಡುವುದಿಲ್ಲ. ಬೆಸುಗೆ ಹಾಕಿ ಸರಿಮಾಡಬಹುದೇ?
— ರೇಡಿಯೋ ರಿಪೇರಿಯವರು, ಹಾಸನ

ಉತ್ತರ: ಕಾರ್ಬನ್ ಹಾಳೆಗೆ ಬೆಸುಗೆ ಹಿಡಿಯದು, ಪ್ಲಾಸ್ಟಿಕ್ ಕರಗುತ್ತದೆ ಅಷ್ಟೇ. ಮೊದಲು ಡಬ್ಬಿ ತೆಗೆಯಿರಿ. ಹಾಳೆಗಳ ಬಾಲ ಒಳಗಿನ ಸರ್ಕ್ಯೂಟಿನ ಮೇಲೆ ಒಂದು ಪಟ್ಟಿಯಿಂದ ಒತ್ತಿ ಹಿಡಿದಿರುತ್ತದೆ, ಸ್ಕ್ರೂ ಸಡಿಲವಾಗಿ ಒಂದು ಗೆರೆಯ ಸಂಪರ್ಕ ತಪ್ಪಿರುವುದೇ ಹೆಚ್ಚು. ಸ್ಪಿರಿಟ್ ತಾಗಿದರೆ ಶಾಯಿ ಎದ್ದೀತು, ಆದ್ದರಿಂದ ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಸ್ಕ್ರೂಗಳನ್ನು ಸಮನಾಗಿ ಬಿಗಿಯಿರಿ. ಗೆರೆಯೇ ಬಿರುಕುಬಿಟ್ಟಿದ್ದರೆ ಮಲ್ಟಿಮೀಟರಿನಲ್ಲಿ ಅದರುದ್ದಕ್ಕೂ ಅಳೆಯುತ್ತಾ ಬನ್ನಿ, ಒಂದು ಕಡೆ ಓದುವುದು ನಿಲ್ಲುತ್ತದೆ. ಅಲ್ಲಿ ವಾಹಕ ಶಾಯಿಯ ಪೆನ್ನಿನಿಂದ ಬಿರುಕಿನ ಎರಡೂ ಕಡೆಗೆ ಒಂದೊಂದು ಸೆಂಮೀ ಬರುವಂತೆ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ಹೊಲಿಗೆ ಮುಚ್ಚಿ.